ಸ್ಕ್ಯಾನ್ ಮಾಡೋಕೆ ಬರುತ್ತೆ, ಓದೋಕೆ?



ಇವತ್ತು ಯಾವ ನಾಯಕರ ಹೇಳಿಕೆಯೂ ಇಲ್ಲ, ಯಾವ ರೆಸಾರ್ಟ್ ಕಥೆಯೂ ಇಲ್ಲ. ಇವತ್ತು ನಿಮ್ಮ ಕೈಯಲ್ಲೇ ಇರೋ ವಸ್ತುವಿನ ಬಗ್ಗೆ ಮಾತಾಡೋಣ. ಫೋನು. ಫೋನಿನಲ್ಲೂ ಬರೀ ಅದರ ಕ್ಯಾಮೆರಾ. ಕ್ಯಾಮೆರಾದಲ್ಲೂ ಫೋಟೋ ವಿಚಾರ ಬೇಡ, ಸೆಲ್ಫಿ ವಿಚಾರ ಬೇಡ. ಆ ಕ್ಯಾಮೆರಾ ಓದುತ್ತಲ್ಲ, ಆ ಓದಿನ ವಿಚಾರ.

ಬೆಳಗ್ಗೆಯಿಂದ ಈ ಹೊತ್ತಿನವರೆಗೆ ನೀವು ಎಷ್ಟು ಸಲ ಫೋನನ್ನು ಯಾವುದಾದರೂ ಕಪ್ಪು-ಬಿಳುಪು ಚೌಕದ ಮುಂದೆ ಹಿಡಿದಿರಿ? ಲೆಕ್ಕ ಹಾಕಿ ನೋಡಿ. ಹಾಲಿನ ಬೂತಿನಲ್ಲಿ ಒಂದು ಸಲ. ದರ್ಶಿನಿಯಲ್ಲಿ ಇಡ್ಲಿ ತಗೊಂಡಾಗ ಒಂದು ಸಲ. ಆಟೋ ಇಳಿದಾಗ ಒಂದು ಸಲ. ಬೆಂಗಳೂರಿನವರಾದರೆ ಮೆಟ್ರೋ ಗೇಟಿನಲ್ಲಿ ಉಲ್ಟಾ, ಅಲ್ಲಿ ನಿಮ್ಮ ಫೋನಿನ ಕೋಡನ್ನು ಯಂತ್ರ ಓದುತ್ತೆ. ಸಂಜೆ ದೇವಸ್ಥಾನಕ್ಕೆ ಹೋದರೆ ಹುಂಡಿ ಪಕ್ಕದಲ್ಲೂ ಒಂದು ಚೌಕ. ಹೀಗೆ ದಿನಕ್ಕೆ ಐದಾರು ಸಲ ಸ್ಕ್ಯಾನ್ ಮಾಡ್ತೀವಿ. ಈಗ ನನ್ನ ಪ್ರಶ್ನೆ. ಆ ಐದಾರು ಸಲದಲ್ಲಿ ಒಂದು ಸಲವಾದರೂ ಆ ಚೌಕದಲ್ಲಿ ಏನು ಬರೆದಿದೆ ಅಂತ ಓದಿದ್ದೀರಾ?

ಓದೋಕೆ ಆಗಲ್ಲ, ಅಲ್ವಾ? ಅದು ಮನುಷ್ಯ ಓದೋ ಬರಹ ಅಲ್ಲ. ಇವತ್ತಿನ ಮಾತು ಶುರುವಾಗೋದೇ ಅಲ್ಲಿಂದ.

ಒಂದು ವಿಷಯ ಹೇಳಿಕೊಳ್ಳಬೇಕು. ಸ್ಟುಡಿಯೋದಲ್ಲಿ ಕೂತು ಮನೆ ವಿಚಾರ ಮಾತಾಡೋ ಅಭ್ಯಾಸ ನನಗಿಲ್ಲ. ಆದರೆ ಇದನ್ನು ಬಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅದು ಉಪದೇಶ ಆಗುತ್ತೆ. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಒಂದು ಒತ್ತು ತಪ್ಪಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದವರು. ನನಗೆ ಮೊದಲ ಬ್ಯಾಂಕ್ ಖಾತೆ ತೆರೆಸಿದ ದಿನ ಅವರು ಹೇಳಿದ್ದು ಒಂದೇ ಮಾತು: 'ಓದದೆ ಎಲ್ಲೂ ಸಹಿ ಹಾಕಬೇಡ.'

ಅವರು ಮನೆಯಲ್ಲಿದ್ದ ಒಂದು ಹಳೇ ಕಬ್ಬಿಣದ ಬೀರು ಮಾರೋಣ ಅಂತ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿಸಿದರು. ಅರ್ಧ ಗಂಟೆಯೊಳಗೆ ಫೋನ್ ಬಂತು. ನಾನು ಸೇನೆಯಲ್ಲಿದ್ದೇನೆ, ನಿಮ್ಮ ಕಡೆಗೆ ವರ್ಗ ಆಗಿದೆ, ಬೀರು ಇಷ್ಟ ಆಯ್ತು, ಮುಂಗಡ ಕಳಿಸ್ತೀನಿ ಅಂದ ಆಸಾಮಿ. ಮೊದಲು 1 ರೂಪಾಯಿ ಕಳಿಸಿದ. ಬಂತು. ನಂಬಿಕೆ ಹುಟ್ಟಿತು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ಕಳಿಸಿ, 'ಇದನ್ನ ಸ್ಕ್ಯಾನ್ ಮಾಡಿ, ನಿಮ್ಮ ಖಾತೆಗೆ 6,000 ಬರುತ್ತೆ' ಅಂದ. ಅಪ್ಪ ಸ್ಕ್ಯಾನ್ ಮಾಡಿದರು. ಪಿನ್ ಒತ್ತಿದರು. ದುಡ್ಡು ಬರಲಿಲ್ಲ. 'ಅಯ್ಯೋ, ಸರ್ವರ್ ಪ್ರಾಬ್ಲಂ, ಇನ್ನೊಂದು ಸಲ ಮಾಡಿ, ಎರಡೂ ಸೇರಿಸಿ ವಾಪಸ್ ಬರುತ್ತೆ' ಅಂದ. ಈ ಸಲದ ಕೋಡು 12,000ದ್ದು. ಒಟ್ಟು 18,000 ಹೋಯ್ತು. ಬೀರು ಇನ್ನೂ ಅಲ್ಲೇ ಇದೆ.

ನನಗೆ ಇದು ಗೊತ್ತಾಗಿದ್ದು ಮೂರು ವಾರ ಆದ ಮೇಲೆ. ಅದೂ ಅಮ್ಮನಿಂದ. ನಾನು ಅದೇ ತಿಂಗಳು ಸೈಬರ್ ವಂಚನೆ ಬಗ್ಗೆ ಒಂದು ಗಂಟೆ ಕಾರ್ಯಕ್ರಮ ಮಾಡಿದ್ದೆ ಸ್ವಾಮಿ! ಅಪ್ಪ ಅದನ್ನ ಕೂತು ನೋಡಿದ್ದರು. ನೋಡಿಯೂ ಹೇಳಲಿಲ್ಲ. 'ಮಗ ಟೀವಿಯಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತಾನೆ, ಅವನ ಅಪ್ಪ ಹೀಗೆ ಮೋಸ ಹೋದ ಅಂದ್ರೆ ಮರ್ಯಾದೆ ಏನಾಗುತ್ತೆ' ಅಂತ ಅವರ ಯೋಚನೆ.

ನಾನು ಕೇಳಿದೆ, ಅಪ್ಪಾ, ಪರದೆ ಮೇಲೆ 'ಪೇ' ಅಂತ ಇರುತ್ತಲ್ಲ, ನೋಡಲಿಲ್ವಾ ಅಂತ. ಅವರು ಹೇಳಿದ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ. 'ಅಲ್ಲೆಲ್ಲ ಇಂಗ್ಲಿಷಿನಲ್ಲಿ ಏನೋ ಇತ್ತಪ್ಪ. ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಚೌಕಕ್ಕೆ ಹಿಡಿ, ಬಟನ್ ಒತ್ತು, ನಾಲ್ಕು ನಂಬರ್ ಹಾಕು ಅಂದಿದ್ದೆ.'

ಹೌದು. ಹೇಳಿಕೊಟ್ಟವನು ನಾನೇ. ಐದು ನಿಮಿಷದಲ್ಲಿ ಹೇಳಿಕೊಟ್ಟಿದ್ದೆ, ಬಸ್ಸಿಗೆ ಟೈಮಾಗಿತ್ತು. ಇಂಜಿನಿಯರಿಂಗ್ ಓದಿದ ಮಗ ಅಪ್ಪನಿಗೆ ಸ್ಕ್ಯಾನ್ ಮಾಡೋದು ಕಲಿಸಿದ. ಓದೋದು ಕಲಿಸಲಿಲ್ಲ. ಓದದೆ ಸಹಿ ಹಾಕಬೇಡ ಅಂದವರ ಕೈಯಲ್ಲಿ ಓದದೆ ಸಹಿ ಹಾಕಿಸಿದವನು ಆ ಕಳ್ಳ ಒಬ್ಬನೇ ಅಲ್ಲ.

ಈಗ ಆ ಚೌಕದ ಒಳಗೆ ಏನಿದೆ ಅಂತ ನೋಡೋಣ. ಇದು ಮಾಯ ಅಲ್ಲ, ಮಂತ್ರ ಅಲ್ಲ. ಐದು ನಿಮಿಷದಲ್ಲಿ ಅರ್ಥ ಆಗೋ ವಿಷಯ.

ಮೊದಲು ಬಂದಿದ್ದು ಗೆರೆ ಗೆರೆ ಬಾರ್‌ಕೋಡ್. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಅನ್ನುವವರು ಮಯಾಮಿಯ ಕಡಲ ತೀರದಲ್ಲಿ ಕೂತು ಮರಳಿನಲ್ಲಿ ಮೋರ್ಸ್ ಕೋಡಿನ ಚುಕ್ಕಿ, ಗೀಟು ಬರೆಯುತ್ತ, ಬೆರಳುಗಳನ್ನು ಹಾಗೇ ಕೆಳಗೆ ಎಳೆದರಂತೆ. ಚುಕ್ಕಿ ತೆಳು ಗೆರೆ ಆಯ್ತು, ಗೀಟು ದಪ್ಪ ಗೆರೆ ಆಯ್ತು. ಅವರಿಗೂ ಬರ್ನಾರ್ಡ್ ಸಿಲ್ವರ್‌ಗೂ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಅಂಗಡಿಯಲ್ಲಿ ಮೊದಲ ಸಲ ಈಗಿನ ಮಾದರಿಯ ಕೋಡ್ ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಓಹಾಯೋ ರಾಜ್ಯದ ಟ್ರಾಯ್ ಊರಿನಲ್ಲಿ. ಯಾವ ವಸ್ತು ಗೊತ್ತಾ? ಒಂದು ಪೊಟ್ಟಣ ಚೂಯಿಂಗ್ ಗಮ್!

ಬಾರ್‌ಕೋಡ್ ಅಂದಾಗ ವಾಟ್ಸಾಪ್‌ನಲ್ಲಿ ಓಡಾಡೋ ಒಂದು ಸುಳ್ಳನ್ನೂ ಇಲ್ಲೇ ಮುಗಿಸಿಬಿಡ್ತೀನಿ. 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದ ವಸ್ತು ಅಂತ ಒಂದು ಮೆಸೇಜ್ ಬರುತ್ತಲ್ಲ? ಅದು ತಪ್ಪು. 890 ಅಂದರೆ ಆ ಕಂಪನಿಗೆ ನಂಬರ್ ಕೊಟ್ಟಿದ್ದು ಭಾರತದ ಸಂಸ್ಥೆ ಅಂತ ಅಷ್ಟೇ. ವಸ್ತು ಎಲ್ಲಿ ತಯಾರಾಯಿತು ಅನ್ನೋದು ಪೊಟ್ಟಣದ ಮೇಲೆ ಅಕ್ಷರದಲ್ಲಿ ಬರೆದಿರುತ್ತೆ. ಅದನ್ನ ಓದಬೇಕು.

ಬಾರ್‌ಕೋಡಿನಲ್ಲಿ ಹಿಡಿಸುವ ವಿಷಯ ಬಹಳ ಕಡಿಮೆ. ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ ಮಸಾಹಿರೊ ಹರ ಅನ್ನುವ ಇಂಜಿನಿಯರ್‌ಗೆ ಇದೇ ತಲೆನೋವು. ಕಾರಿನ ಬಿಡಿಭಾಗಗಳ ಒಂದೊಂದು ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಸ್ಕ್ಯಾನ್ ಮಾಡಿ ಮಾಡಿ ಕೆಲಸಗಾರರು ಸೋತು ಹೋಗಿದ್ದರು. ಹರ ಅವರಿಗೆ ದಾರಿ ತೋರಿಸಿದ್ದು 'ಗೋ' ಅನ್ನುವ ಆಟ. ನಮ್ಮ ಚೌಕಾಬಾರದ ಹಾಗೆ ಮನೆ ಹಾಕಿ, ಅದರ ಮೇಲೆ ಕಪ್ಪು-ಬಿಳಿ ಕಾಯಿ ಇಟ್ಟು ಆಡುವ ಆಟ ಅದು. ಗೆರೆಯಲ್ಲಿ ಅಡ್ಡಕ್ಕೆ ಮಾತ್ರ ಬರೆಯಬಹುದು, ಚೌಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ಬರೆಯಬಹುದು. ಹೀಗೆ 1994ರಲ್ಲಿ ಕ್ಯೂಆರ್ ಕೋಡ್ ಹುಟ್ಟಿತು. ಬರೀ ಅಂಕಿಗಳಾದರೆ ಒಂದೇ ಚೌಕದಲ್ಲಿ 7,089 ಅಂಕಿ ಹಿಡಿಸುತ್ತೆ. ಕಂಪನಿ ಪೇಟೆಂಟ್ ಇಟ್ಟುಕೊಂಡಿತು, ಆದರೆ ಬಳಸುವವರಿಂದ ದುಡ್ಡು ಕೇಳಲಿಲ್ಲ. ಅದಕ್ಕೇ ಇವತ್ತು ಅದು ನಮ್ಮ ಸೊಪ್ಪಿನ ಗಾಡಿ ಮೇಲೂ ಇದೆ.

ಆ ಚೌಕದ ಮೂರು ಮೂಲೆಯಲ್ಲಿ ದೊಡ್ಡ ಕಣ್ಣಿನ ಹಾಗೆ ಮೂರು ಚೌಕ ಇರ್ತವಲ್ಲ, ಅವೇ ಇದರ ಜಾಣತನ. ಆ ಕಣ್ಣಿನ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು ಒಂದು ಪಾಲು, ಬಿಳಿ ಒಂದು ಪಾಲು, ಕಪ್ಪು ಮೂರು ಪಾಲು, ಮತ್ತೆ ಬಿಳಿ ಒಂದು, ಕಪ್ಪು ಒಂದು. ಅಚ್ಚಾದ ಕಾಗದಗಳಲ್ಲಿ, ಪತ್ರಿಕೆಗಳಲ್ಲಿ, ಪೆಟ್ಟಿಗೆಗಳ ಮೇಲೆ ಅತ್ಯಂತ ಅಪರೂಪವಾಗಿ ಕಾಣುವ ಅಳತೆ ಯಾವುದು ಅಂತ ಹುಡುಕಿ ಹುಡುಕಿ ಆರಿಸಿದ ಲೆಕ್ಕ ಅದು. ಅದಕ್ಕೇ ಫೋನು ಆ ಕಣ್ಣನ್ನು ಬೇರೆ ಯಾವುದೋ ಚಿತ್ರ ಅಂತ ತಪ್ಪು ತಿಳಿಯಲ್ಲ. ನಾಲ್ಕನೇ ಮೂಲೆಯಲ್ಲಿ ಆ ದೊಡ್ಡ ಕಣ್ಣಿಲ್ಲ. ಅದರಿಂದ ಯಾವುದು ತಲೆ ಯಾವುದು ಕಾಲು ಅಂತ ಫೋನಿಗೆ ತಿಳಿಯುತ್ತೆ. ನೀವು ತಲೆಕೆಳಗೆ ಹಿಡಿದರೂ ಓದುತ್ತೆ.

ಇನ್ನೊಂದು. ಟೀ ಅಂಗಡಿಯ ಕೋಡ್ ನೋಡಿದ್ದೀರಾ? ಅರ್ಧ ಎಣ್ಣೆ, ಕಾಲು ಭಾಗ ಹರಿದಿದೆ, ಮೇಲೆ ಚಹಾ ಕಲೆ. ಆದರೂ ಓದುತ್ತೆ. ಹೇಗೆ? ನೆಟ್‌ವರ್ಕ್ ಸರಿ ಇಲ್ಲದಾಗ ಫೋನಿನಲ್ಲಿ ನಾವು 'ಪ... ಪಾರ್ವತಿ ಪ' ಅಂತ ಬಿಡಿಸಿ ಹೇಳ್ತೀವಲ್ಲ, ಹಾಗೆ. ವಿಷಯದ ಜೊತೆಗೆ ಆ ವಿಷಯವನ್ನು ತಿದ್ದಿಕೊಳ್ಳೋಕೆ ಬೇಕಾದ ಹೆಚ್ಚುವರಿ ಸುಳಿವನ್ನೂ ಅದರೊಳಗೇ ತುಂಬಿರ್ತಾರೆ. ರೀಡ್ ಮತ್ತು ಸಾಲಮನ್ ಅನ್ನುವ ಇಬ್ಬರು 1960ರಲ್ಲಿ ಕೊಟ್ಟ ಗಣಿತ ಅದು. ಗೀರು ಬಿದ್ದ ಸಿಡಿಯಲ್ಲೂ ಹಾಡು ಕೇಳುತ್ತಿತ್ತಲ್ಲ, ಅದರ ಹಿಂದೆ ಇದ್ದದ್ದೂ ಇದೇ ಗಣಿತ. ಎಲ್ಲಕ್ಕಿಂತ ಗಟ್ಟಿ ಮಟ್ಟದ ಕೋಡಿನಲ್ಲಿ ಸುಮಾರು ಶೇಕಡಾ 30 ಹಾಳಾದರೂ ಉಳಿದದ್ದರಿಂದ ಪೂರ್ತಿ ಕಟ್ಟಿಕೊಳ್ಳಬಹುದು.

ಇದರ ಅರ್ಥ ಏನು? ಕೋಡ್ ಓದುವುದರಲ್ಲಿ ಫೋನು ತಪ್ಪು ಮಾಡುವುದು ಬಹಳ ಅಪರೂಪ. ಒಂದೋ ಸರಿಯಾಗಿ ಓದುತ್ತೆ, ಇಲ್ಲಾ ಓದೋದೇ ಇಲ್ಲ. ಆದರೆ ಸರಿಯಾಗಿ ಓದೋದು ಬೇರೆ, ಓದಿದ್ದು ಸತ್ಯ ಆಗಿರೋದು ಬೇರೆ! ಕಳ್ಳ ಬರೆದದ್ದನ್ನೂ ಅದು ಅಷ್ಟೇ ಅಚ್ಚುಕಟ್ಟಾಗಿ ಓದುತ್ತೆ.

ಹಾಗಾದರೆ ದುಡ್ಡಿನ ಕೋಡಿನಲ್ಲಿ ಬರೆದಿರೋದು ಏನು? ಒಂದೇ ಒಂದು ಸಾಲು. ಇದು ಯುಪಿಐ ಪಾವತಿ, ದುಡ್ಡು ಹೋಗಬೇಕಾದ ವಿಳಾಸ ಇದು, ಹೆಸರು ಇದು, ಕೆಲವು ಸಲ ಮೊತ್ತ ಇಷ್ಟು. ಮುಗೀತು. ನಿಮ್ಮ ಖಾತೆಯ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಯಾರು ಸ್ಕ್ಯಾನ್ ಮಾಡ್ತಾರೋ ಅವರು ಕೊಡುವವರು, ಯಾರ ವಿಳಾಸ ಕೋಡಿನಲ್ಲಿದೆಯೋ ಅವರು ತಗೊಳ್ಳುವವರು. ಅಂಗಡಿಯವರ ಕೋಡನ್ನು ನೀವು ಸ್ಕ್ಯಾನ್ ಮಾಡಿದಾಗ ನಿಮಗೆ ಯಾವತ್ತಾದರೂ ದುಡ್ಡು ಬಂದಿದೆಯಾ? ಇಲ್ಲವಲ್ಲ. ಹಾಗಾಗಿ 'ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ಬರುತ್ತೆ' ಅಂತ ಯಾರೇ ಹೇಳಲಿ, ಅವರು ಸೇನೆಯವರಾಗಲಿ ಬ್ಯಾಂಕಿನವರಾಗಲಿ, ಅದು ಸುಳ್ಳು. ದುಡ್ಡು ಬರೋಕೆ ಪಿನ್ ಬೇಡ. ಪಿನ್ ಕೇಳಿದ ಕ್ಷಣ ದುಡ್ಡು ಹೋಗ್ತಿದೆ ಅಂತಲೇ ಅರ್ಥ. 2016ರಲ್ಲಿ ಯುಪಿಐ ಬಂದಾಗಿನಿಂದ ಈ ನಿಯಮ ಬದಲಾಗಿಲ್ಲ.

ಇಲ್ಲಿ ನನಗೆ ನಮ್ಮಜ್ಜಿ ನೆನಪಾಗ್ತಾಳೆ. ಅಪ್ಪನ ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಒತ್ತುವ ಮುಂಚೆ ಊರಿನಲ್ಲಿ ಓದು ಬಂದವರೊಬ್ಬರನ್ನು ಕೂರಿಸಿಕೊಂಡು, 'ಏನ್ ಬರ್ದಿದಾರೆ, ಪೂರ್ತಿ ಓದಪ್ಪ' ಅನ್ನುತ್ತಿದ್ದಳು. ತನಗೆ ಓದು ಬರಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಅದೇ ಅವಳ ರಕ್ಷಣೆ ಆಗಿತ್ತು.

ನಮ್ಮ ಕಥೆ ಏನು? ನಾವು ಡಿಗ್ರಿ ಮಾಡಿದವರು, ಮೇಷ್ಟ್ರು, ಇಂಜಿನಿಯರು, ಆ್ಯಂಕರು. ಈ ಚೌಕದ ಮುಂದೆ ನಾವೆಲ್ಲ ಮತ್ತೆ ಹೆಬ್ಬೆಟ್ಟು! ಕಳ್ಳನ ಕೋಡಿಗೂ ಕಿರಾಣಿ ಅಂಗಡಿಯ ಕೋಡಿಗೂ ಕಣ್ಣಿನಲ್ಲಿ ನೋಡಿ ವ್ಯತ್ಯಾಸ ಹೇಳೋಕೆ ಐಐಟಿ ಪ್ರೊಫೆಸರ್‌ಗೂ ಆಗಲ್ಲ. ನಾಚಿಕೆ ಪಡಬೇಕಾದ್ದೇನೂ ಇಲ್ಲ ಇದರಲ್ಲಿ. ಆದರೆ ಅಜ್ಜಿ ಕೇಳುತ್ತಿದ್ದಳಲ್ಲ, 'ಪೂರ್ತಿ ಓದಪ್ಪ' ಅಂತ, ಅದನ್ನ ನಾವು ಬಿಟ್ಟುಬಿಟ್ಟಿದ್ದೀವಿ. ಓದಿ ಹೇಳೋಕೆ ಪಕ್ಕದಲ್ಲೇ ಒಬ್ಬ ಇದ್ದಾನೆ, ಫೋನು. ಪಿನ್ ಕೇಳೋ ಮುಂಚೆ ಅದು ಓದಿ ಪರದೆ ಮೇಲೆ ಹಾಕುತ್ತೆ: ಇಂಥವರಿಗೆ, ಇಷ್ಟು ರೂಪಾಯಿ ಕೊಡ್ತಿದ್ದೀರಿ. ನಾವು ಆ ಸಾಲನ್ನ ನೋಡಲ್ಲ. ಬಟನ್ ಹುಡುಕ್ತೀವಿ.

ದುಡ್ಡಿನ ಮಾತು ಹಾಗಿರಲಿ. 2022ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಬೆಂಗಳೂರಿನ ಗೋಡೆಗಳ ಮೇಲೆ 'ಪೇ ಸಿಎಂ' ಪೋಸ್ಟರ್ ಬಿದ್ದಿದ್ದವು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ ಇದ್ದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಪಾವತಿ ಆ್ಯಪ್ ತೆರೆಯುತ್ತಿರಲಿಲ್ಲ, ಕಾಂಗ್ರೆಸ್ಸಿನ 40 ಪರ್ಸೆಂಟ್ ಆರೋಪದ ಜಾಲತಾಣಕ್ಕೆ ಕರೆದುಕೊಂಡು ಹೋಗುತ್ತಿತ್ತು. ಆರೋಪ ಸರಿಯಾ ತಪ್ಪಾ ಅನ್ನೋ ಚರ್ಚೆ ಆ ದಿನಗಳಲ್ಲೇ ಗಂಟೆಗಟ್ಟಲೆ ಆಗಿದೆ, ಮತ್ತೆ ತೆಗೆಯಲ್ಲ. ನನಗೆ ಅದರಲ್ಲಿ ಕಂಡ ಪಾಠ ಬೇರೆ. ನೋಡೋಕೆ ಪಾವತಿ ಕೋಡ್, ಒಳಗೆ ರಾಜಕೀಯ. ಅವತ್ತು ಅದು ಪ್ರಚಾರ. ಅದೇ ಜಾಗದಲ್ಲಿ ನಾಳೆ ನಕಲಿ ಬ್ಯಾಂಕಿನ ಜಾಲತಾಣ ಇದ್ದರೆ? ಗೋಡೆ ಮೇಲೆ ಯಾರೋ ಅಂಟಿಸಿದ ಚೌಕಕ್ಕೆ ಫೋನು ಹಿಡಿದ ಎಷ್ಟು ಜನ, ತೆರೆಯೋ ಮುಂಚೆ ಮೇಲೆ ಬರುವ ವಿಳಾಸ ನೋಡಿದ್ದರು?

ವಾಟ್ಸಾಪ್ ಅನ್ನು ಕಂಪ್ಯೂಟರಿಗೆ ಜೋಡಿಸೋದೂ ಒಂದು ಕೋಡಿನಿಂದಲೇ. 'ಬಹುಮಾನಕ್ಕೆ ಇದನ್ನ ಸ್ಕ್ಯಾನ್ ಮಾಡಿ' ಅಂತ ಆ ಕೋಡನ್ನೇ ತೋರಿಸಿ, ನಿಮ್ಮ ಕೈಯಲ್ಲೇ ವಾಟ್ಸಾಪಿನಿಂದ ಅದನ್ನು ಸ್ಕ್ಯಾನ್ ಮಾಡಿಸಿದರೆ ನಿಮ್ಮ ಮೆಸೇಜುಗಳೆಲ್ಲ ಅವರ ಕಂಪ್ಯೂಟರಿನಲ್ಲಿ. ಇನ್ನು ಅಂಗಡಿಯವರಿಗೆ ಬೇರೆ ಭಯ. ರಾತ್ರಿ ಯಾರೋ ಬಂದು ನಿಮ್ಮ ಕೋಡಿನ ಮೇಲೆ ತಮ್ಮ ಕೋಡ್ ಅಂಟಿಸಿ ಹೋದರೆ, ಇಡೀ ದಿನದ ವ್ಯಾಪಾರ ಅವರ ಖಾತೆಗೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಗಣಪತಿ ಫೋಟೋಗೆ ಕೈ ಮುಗಿತೀರಲ್ಲ, ಹಾಗೇ ಒಂದು ಸಲ ಕೋಡಿನ ಮೇಲೆ ಬೆರಳಾಡಿಸಿ ನೋಡಿ. ಹೊಸ ಪದರ ಇದೆಯಾ? ಮಾತಾಡೋ ಡಬ್ಬಿ ಮೊದಲ ಗಿರಾಕಿಯ ದುಡ್ಡನ್ನ ಹೇಳಿತಾ?

ಅಂಗಡಿಯವರ ಮಾತು ಬಂತಲ್ಲ, 2025ರ ಜುಲೈ ಮರೆಯೋಕಾಗುತ್ತಾ? ಯುಪಿಐ ವಹಿವಾಟಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಅನ್ನೋ ಚೀಟಿ ಬಿದ್ದವು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಕಾನೂನು ಹಳೇದೇ. ತೆರಿಗೆ ಕಟ್ಟೋದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಆ ಚೌಕವನ್ನ ಗಾಜಿಗೆ ಅಂಟಿಸಿದ ದಿನ ಅದು ತನ್ನ ವ್ಯಾಪಾರದ ಖಾತೆ ಪುಸ್ತಕ ಕೂಡ ಅನ್ನೋದನ್ನ ಆ ಮನುಷ್ಯನಿಗೆ ಯಾರು ಓದಿ ಹೇಳಿದ್ದರು? ಅಲ್ಲೂ ಹೆಬ್ಬೆಟ್ಟೇ.

ಇಷ್ಟು ಹೇಳಿದ ಮೇಲೆ, 'ಹಾಗಾದರೆ ಬಿಟ್ಟುಬಿಡೋಣ ಸಾರ್ ಇದನ್ನೆಲ್ಲ' ಅನ್ನಬೇಡಿ. ಇದೇ ಕ್ಯಾಮೆರಾಗೆ ಇನ್ನೊಂದು ವಿದ್ಯೆ ಇದೆ. ನಾವು ಓದುವ ಅಕ್ಷರವನ್ನೇ ಅದು ಓದುತ್ತೆ. ಗೂಗಲ್ ಲೆನ್ಸ್ ತರಹದ ಆ್ಯಪ್ ತೆರೆದು ಬಸ್ಸಿನ ಬೋರ್ಡಿಗೆ, ನೋಟಿಸಿಗೆ, ಔಷಧಿ ಡಬ್ಬಿಗೆ ಹಿಡಿದರೆ ಅಕ್ಷರ ಹಿಡಿದುಕೊಡುತ್ತೆ. ಬೇರೆ ಭಾಷೆಯಲ್ಲಿದ್ದರೆ ಕನ್ನಡಕ್ಕೆ ತಿರುಗಿಸುತ್ತೆ, ಗಟ್ಟಿಯಾಗಿ ಓದಿ ಹೇಳುತ್ತೆ.

ಕಣ್ಣಿರೋ ನಮಗೆ ಇದೊಂದು ಸೌಕರ್ಯ. ಕಣ್ಣು ಕಾಣದವರಿಗೆ? ಅಮೆರಿಕದ ರೇ ಕರ್ಜ್‌ವೈಲ್ ಅನ್ನುವವರು ದೃಷ್ಟಿಹೀನರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರ ಹೊರತಂದಿದ್ದು 1976ರಲ್ಲಿ. ಮೇಜು ತುಂಬುವಷ್ಟು ದೊಡ್ಡ ಯಂತ್ರ, ಸಾಮಾನ್ಯರು ಕೊಳ್ಳಲಾಗದ ಬೆಲೆ. ಇವತ್ತು ಅದು ಅಂಗಿ ಜೇಬಿನಲ್ಲಿದೆ. ನಮ್ಮ ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು 'ಮಣಿ' ಅನ್ನುವ ಆ್ಯಪ್ ಬಿಟ್ಟಿತು. ನೋಟಿಗೆ ಕ್ಯಾಮೆರಾ ಹಿಡಿದರೆ ಅದು ಎಷ್ಟು ರೂಪಾಯಿಯ ನೋಟು ಅಂತ ಹೇಳುತ್ತೆ. ಇಂಟರ್ನೆಟ್ ಕೂಡ ಬೇಡ. ನೋಟು ಅಸಲಿಯೋ ನಕಲಿಯೋ ಅಂತ ಹೇಳಲ್ಲ, ಅದು ನೆನಪಿರಲಿ. ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ 100 ಇದೆಯಾ 200 ಇದೆಯಾ ಅಂತ ಪಕ್ಕದವರನ್ನು ಕೇಳದೆ ತಿಳಿದುಕೊಳ್ಳೋದು ಇದೆಯಲ್ಲ, ಅದು ಬರೀ ತಂತ್ರಜ್ಞಾನ ಅಲ್ಲ ಸ್ವಾಮಿ, ಸ್ವಾಭಿಮಾನ.

ಆದರೆ ಅಕ್ಷರ ಓದುವಾಗ ಫೋನಿನ ಸ್ವಭಾವವೇ ಬೇರೆ. ಕೋಡ್ ಆದರೆ ಲೆಕ್ಕ ಹಾಕುತ್ತೆ. ಅಕ್ಷರ ಆದರೆ ಊಹೆ ಮಾಡುತ್ತೆ. ಲಕ್ಷಾಂತರ ಅಕ್ಷರದ ಚಿತ್ರಗಳನ್ನು ನೋಡಿ ಕಲಿತ ಯಂತ್ರ, 'ಇದು ಬಹುಶಃ ಇದೇ ಅಕ್ಷರ' ಅಂತ ಆರಿಸುತ್ತೆ. ಆದರೆ ಆ 'ಬಹುಶಃ' ಅನ್ನೋದನ್ನ ನಮಗೆ ಹೇಳಲ್ಲ! ನೂರಕ್ಕೆ ನೂರು ಖಚಿತ ಇದ್ದಾಗಲೂ, ಅರೆಬರೆ ಅನುಮಾನ ಇದ್ದಾಗಲೂ ಒಂದೇ ಧ್ವನಿ.

ಅದರಲ್ಲೂ ನಮ್ಮ ಕನ್ನಡ ಯಂತ್ರಕ್ಕೆ ಸುಲಭದ ಭಾಷೆ ಅಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ತವೆ. ನಮ್ಮಲ್ಲಿ ಗುಣಿತ ತಲೆ ಮೇಲೆ, ಕೊಂಬು ಪಕ್ಕದಲ್ಲಿ, ಒತ್ತು ಕೆಳಗೆ. 'ಸಾಮರ್ಥ್ಯ' ಅನ್ನೋ ಪದದಲ್ಲಿ ಥಕಾರದ ಕೆಳಗೆ ಒಂದು, ಪಕ್ಕದಲ್ಲಿ ಅರ್ಕಾವತ್ತು. 'ಮ'ಗೂ 'ವು'ಗೂ ಎಷ್ಟು ವ್ಯತ್ಯಾಸ, ಬರೆದು ನೋಡಿ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ? ಅಪ್ಪ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದ ತಪ್ಪುಗಳನ್ನೇ ಯಂತ್ರವೂ ಮಾಡುತ್ತೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಅನ್ನುವ ಕನ್ನಡ ಓದುವ ತಂತ್ರಾಂಶವನ್ನೇ ರೂಪಿಸಿದೆ. ಇಂಥ ಕೆಲಸದಿಂದಲೇ ನಮ್ಮ ಲಿಪಿ ಯಂತ್ರಕ್ಕೆ ದಕ್ಕೋದು. ಆದರೆ ಮಸುಕು ಅಚ್ಚು, ಕೈಬರಹ, ಮಡಿಸಿದ ಹಳೇ ಪತ್ರ ಅಂದರೆ ಇವತ್ತಿಗೂ ಎಚ್ಚರ ಬೇಕು.

ತಪ್ಪಾದರೆ ಏನಾಗುತ್ತೆ? ಬಸ್ಸಿನ ಬೋರ್ಡ್ ತಪ್ಪಾದರೆ ಇನ್ನೊಂದು ಬಸ್ ಹಿಡೀಬಹುದು. ಮಾತ್ರೆ ಪಟ್ಟಿ ಮೇಲೆ 0.5 ಅಂತ ಇರುವುದರಲ್ಲಿ ಆ ಚುಕ್ಕಿ ಧೂಳು ಅಂತ ಯಂತ್ರ ತಿಳಿದರೆ? ಒಂದು ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕಿ, ವ್ಯತ್ಯಾಸ ಹತ್ತು ಪಟ್ಟು. ಡಾಕ್ಟರ್ ಕೈಬರಹದ ಚೀಟಿಯಂತೂ ಮನುಷ್ಯರಿಗೇ ಸವಾಲು. ಅದಕ್ಕೇ ಔಷಧಿ ಪ್ರಮಾಣವನ್ನು ಫೋನಿನಿಂದ ಓದಿಸಿದರೂ, ನುಂಗೋ ಮುಂಚೆ ಔಷಧಿ ಅಂಗಡಿಯವರ ಬಾಯಲ್ಲೋ ಡಾಕ್ಟರ ಬಾಯಲ್ಲೋ ಒಂದು ಸಲ ಹೇಳಿಸಿಕೊಳ್ಳಿ.

ಔಷಧಿಯಲ್ಲಿ ಕೋಡು ನಮ್ಮ ಪರ ಕೆಲಸ ಮಾಡುವ ಒಂದು ಜಾಗವೂ ಇದೆ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಲೇಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಔಷಧಿಯ ಹೆಸರು, ತಯಾರಕರ ಹೆಸರು-ವಿಳಾಸ, ಬ್ಯಾಚ್ ನಂಬರ್, ತಯಾರಾದ ದಿನ, ಅವಧಿ ಮುಗಿಯುವ ದಿನ, ಲೈಸೆನ್ಸ್ ನಂಬರ್ ಇಷ್ಟೂ ಆ ಕೋಡಿನಿಂದ ಸಿಗಬೇಕು. ಆ ಸಣ್ಣ ಅಕ್ಷರ ಓದೋಕೆ ಭೂತಗನ್ನಡಿ ಹುಡುಕುವ ಬದಲು ಸ್ಕ್ಯಾನ್ ಮಾಡಿ, ಬಂದ ವಿವರವನ್ನು ಪಟ್ಟಿ ಮೇಲಿನ ಬ್ಯಾಚ್ ನಂಬರ್ ಜೊತೆ ಹೋಲಿಸಿ ನೋಡಿ. ಈ ಹಕ್ಕು ನಮಗಿದೆ. ನಮ್ಮಲ್ಲಿ ಎಷ್ಟು ಜನ ಒಂದು ಸಲವಾದರೂ ಬಳಸಿದ್ದೇವೆ? ಮಸಾಲೆ ದೋಸೆಗೆ ಸ್ಕ್ಯಾನ್ ಮಾಡ್ತೀವಿ, ಮಾತ್ರೆಗೆ ಮಾಡಲ್ಲ.

ಹಾಗಾಗಿ ಇವತ್ತು ನಾಲ್ಕೇ ಮಾತು ಹೇಳ್ತೀನಿ, ಮನೆಯವರನ್ನೆಲ್ಲ ಕರೆದು ಕೇಳಿಸಿ.

ಮೊದಲನೆಯದು, ಮನೆಯಲ್ಲಿ ಕನ್ನಡ ಮಾತ್ರ ಸರಾಗವಾಗಿ ಓದುವವರಿದ್ದರೆ ಅವರ ಪಾವತಿ ಆ್ಯಪಿನ ಭಾಷೆಯನ್ನು ಇವತ್ತೇ ಕನ್ನಡಕ್ಕೆ ಬದಲಾಯಿಸಿ. ಹೆಚ್ಚಿನ ಆ್ಯಪುಗಳಲ್ಲಿ ಅದು ಇದೆ. ಎರಡೇ ನಿಮಿಷದ ಕೆಲಸ. ಆ ಎರಡು ನಿಮಿಷ ನಾನು ಕೊಟ್ಟಿದ್ದರೆ ಅಪ್ಪನಿಗೆ ಪರದೆ ಮೇಲೆ 'ಪಾವತಿಸಿ' ಅಂತ ಕನ್ನಡದಲ್ಲಿ ಕಾಣುತ್ತಿತ್ತು. ಕನ್ನಡ ಮೇಷ್ಟ್ರು ಆ ಪದಕ್ಕೆ ಮೋಸ ಹೋಗುತ್ತಿರಲಿಲ್ಲ.

ಎರಡನೆಯದು, ಪಿನ್ ಹಾಕುವ ಮುಂಚೆ ಪರದೆಯ ಮೇಲಿನ ಹೆಸರು ಮತ್ತು ಮೊತ್ತ ಬಾಯಿಬಿಟ್ಟು ಓದಿ. ಅಂಗಡಿಯ ಬೋರ್ಡಿನ ಹೆಸರು ಬೇರೆ, ಖಾತೆಯ ಹೆಸರು ಬೇರೆ ಇರಬಹುದು. ಮಾಲೀಕರ ಹೆಸರಿನಲ್ಲಿ ಖಾತೆ ಇರುತ್ತೆ. ಕೇಳಿ. ಕೇಳಿದರೆ ಯಾರೂ ಹೊಡೆಯಲ್ಲ.

ಮೂರನೆಯದು, ಗೋಡೆ ಮೇಲೆ, ಕಂಬದ ಮೇಲೆ, ಯಾರೋ ಕಳಿಸಿದ ಮೆಸೇಜಿನಲ್ಲಿ ಇರುವ ಕೋಡ್ ಸ್ಕ್ಯಾನ್ ಮಾಡಿದಾಗ, ತೆರೆಯುವ ಮುಂಚೆ ಯಾವ ವಿಳಾಸಕ್ಕೆ ಹೋಗುತ್ತೆ ಅಂತ ನೋಡಿ. ಗುರುತಿಲ್ಲದಿದ್ದರೆ ಮುಚ್ಚಿ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಮೋಸ ಹೋದರೆ ಮುಚ್ಚಿಡಬೇಡಿ. 1930ಕ್ಕೆ ಫೋನ್ ಮಾಡಿ. ಆ ಕ್ಷಣವೇ ಮಾಡಿ. ಹೋದ ದುಡ್ಡು ಕಳ್ಳನ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತೆ. ಎಲ್ಲಾದರೂ ನಿಂತಿರುವಾಗ ಹಿಡಿದರೆ ತಡೆಹಿಡಿಯಬಹುದು. ಮೂರು ವಾರ ಆದ ಮೇಲೆ ಹಿಡಿಯೋಕೆ ಏನೂ ಉಳಿದಿರಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಅದೇ. 18,000ವನ್ನು ಕಳ್ಳ ತಗೊಂಡ, ಅದು ವಾಪಸ್ ಬರುವ ಅವಕಾಶವನ್ನು ನಾಚಿಕೆ ತಗೊಂಡಿತು. ಅಪ್ಪನಿಗೆ ಆ ನಾಚಿಕೆ ಎಲ್ಲಿಂದ ಬಂತು? ಮೋಸ ಹೋದವರನ್ನು ನೋಡಿ ನಾವು ನಗ್ತೀವಲ್ಲ, ಅಲ್ಲಿಂದ. 'ಇಷ್ಟು ಓದಿದವರು, ಇಷ್ಟೂ ಗೊತ್ತಾಗಲ್ವಾ' ಅಂತ ಸ್ಟುಡಿಯೋದಲ್ಲಿ ಕೂತು ನಾನೇ ಎಷ್ಟು ಸಲ ಹೇಳಿಲ್ಲ! ಇನ್ನು ಹೇಳಲ್ಲ.

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಅಂಗಡಿಗೆ ಹೋಗಿದ್ದೆ. ಅರ್ಧ ಕೆಜಿ ಬೆಲ್ಲ, ಒಂದು ಬೆಂಕಿಪೊಟ್ಟಣ. ಹಿಂದೆ ಮೂರು ಜನ ಕಾಯ್ತಿದ್ದಾರೆ. ಅಪ್ಪ ಸ್ಕ್ಯಾನ್ ಮಾಡಿದರು. ಕನ್ನಡಕ ಸರಿ ಮಾಡಿಕೊಂಡರು. ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಖಾತೆಯ ಹೆಸರು ಓದಿದರು, ರೂಪಾಯಿ ಮೂವತ್ತಾರು ಅಂತಲೂ ಓದಿದರು. 'ನಿಂದೇ ಏನಯ್ಯ ಈ ಹೆಸರು?' ಅಂದರು. ಅಂಗಡಿಯವನು ಅವರ ಹಳೇ ವಿದ್ಯಾರ್ಥಿ. 'ಹೌದು ಸಾರ್, ದಿನಾ ಕೇಳ್ತೀರಲ್ಲ ಸಾರ್' ಅಂದ. 'ದಿನಾ ಕೇಳ್ತೀನಿ' ಅಂದರು ಅಪ್ಪ, ಆಮೇಲೆ ಪಿನ್ ಒತ್ತಿದರು.

ಹಿಂದಿದ್ದವರಲ್ಲಿ ಒಬ್ಬರು ಸ್ವಲ್ಪ ಗೊಣಗಿದರು. ಗೊಣಗಲಿ ಬಿಡಿ.

ನೀವೂ ದಿನಾ ಕೇಳಿ.